ಬೇಡ ಅನ್ನುವವನಿಗಾಗಿ ಕಾದ ಹೆಲ್ಕಾ

ತುರ್ಕು ಪಟ್ಟಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹೆಲ್ಕಾ ರಾಂತಾಲ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಕೂರಲಾಗದೆ ಶತಪಥ ಹಾಕುತ್ತಿದ್ದಾರೆ. ರೈ ರೊಟ್ಟಿಗೆ ಬೆಣ್ಣೆ ಸವರಿದ್ದಾರೆ, ತಿಂದಿಲ್ಲ. ನಾಳೆ ಅವರ ಕಣ್ಣಿನ ಆಪರೇಷನ್. ಅಷ್ಟರೊಳಗೆ ಐನಾರ್ ಎಂಬ ಹುಡುಗನಿಗೆ ಕೀಲಿ ಕೊಡಬೇಕೋ ಬೇಡವೋ ತೀರ್ಮಾನವಾಗಬೇಕು.

ಹಗಲು ಬಂದರಿನ ಸರಕು ಕಚೇರಿಯಲ್ಲಿ ದುಡಿಯುವ ಹೆಲ್ಕಾರ ಮುಂಜಾವೆಲ್ಲ ‘ತಿಕ್ಕಾ’ಗೆ ಮೀಸಲು. ಕಳಿಸಿದ ಮಾಹಿತಿ ದಾರಿಯಲ್ಲಿ ಕೆಡದೆ ತಲುಪಿದೆಯೇ ಎಂದು ನೋಡುವ ಪುಟ್ಟ ಓಪನ್ ಸೋರ್ಸ್ ತಂತ್ರಾಂಶ ಅದು. ಆಸ್ಪತ್ರೆಗಳೂ ಹಡಗು ಕಂಪನಿಗಳೂ ಅದನ್ನು ನಂಬಿಕೊಂಡಿವೆ. ತಿದ್ದುಪಡಿಯನ್ನು ಯಾರು ಬೇಕಾದರೂ ಬರೆದು ಕಳಿಸಬಹುದು; ಒಳಗೆ ಸೇರಿಸುವ ಅಧಿಕಾರ ಮಾತ್ರ ಕೆಲವರದು. ಅದನ್ನೇ ಇವರು ಕೀಲಿ ಎನ್ನುವುದು. ಕೀಲಿ ಇದ್ದವರು ಮಕ್ಕಳು, ನೌಕರಿ ಎಂದು ಒಬ್ಬೊಬ್ಬರಾಗಿ ಜಾರಿಕೊಂಡರು. ಈಗ ಉಳಿದಿರುವುದು ಹೆಲ್ಕಾ ಒಬ್ಬರೇ.

ದಿನಕ್ಕೆ ಮೂವತ್ತು ನಲವತ್ತು ಪತ್ರ ಬರುತ್ತವೆ. ಪುಕ್ಕಟೆ ಬಳಸುವವರದ್ದೇ ದೊಡ್ಡ ಗಂಟಲು. “ನಿನ್ನ ಕೈಲಾಗದಿದ್ರೆ ಐನಾರ್‌ಗೆ ಬಿಟ್ಕೊಡು” ಎಂದು ಗುರುತು ಪರಿಚಯ ಇಲ್ಲದವರೂ ಗದರುತ್ತಾರೆ. ಇವರ ಬಗ್ಗೆ ಬರೆಯಲೆಂದು ಬಂದು ಅವನ್ನು ಓದಿದ ನನಗೇ ಮೈ ಉರಿಯಿತು.

ಐನಾರ್ ನಾರ್ವೆಯ ಬುಡೋದಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುವವನು. ಎರಡು ವರ್ಷದಿಂದ ಅಚ್ಚುಕಟ್ಟಾದ ತಿದ್ದುಪಡಿ ಕಳಿಸುತ್ತಿದ್ದಾನೆ. ಕಳೆದ ಬೇಸಿಗೆಯಲ್ಲಿ ಇಲ್ಲಿಗೇ ಬಂದು, ಗುರುತಿನ ಖಾತ್ರಿಗೆಂದು ಇವರ ಪದ್ಧತಿಯಂತೆ ಪಾಸ್‌ಪೋರ್ಟ್ ತೋರಿಸಿ, ಇದೇ ಮೇಜಿನಲ್ಲಿ ಸಾಲ್ಮನ್ ಸಾರು ಉಂಡು ಹೋಗಿದ್ದಾನೆ.

“ಮತ್ತೇನು ಅಡ್ಡಿ?” ಎಂದು ಕೇಳಿದೆ.

“ಅವನು ನಂಗೆ ಒಂದ್ಸಲನೂ ಬೇಡ ಅಂದಿಲ್ಲ. ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನೋನಿಗೆ ಕೀಲಿ ಕೊಟ್ರೆ, ನಾಳೆ ಇನ್ಯಾರೋ ಗದರಿಸಿದ್ರೂ ಹೂಂ ಅಂತಾನೆ. ಕೀಲಿಗೋಸ್ಕರವೇ ಹೂಂ ಅಂತಿದ್ರೆ? ಅದಿನ್ನೂ ಭಯ.”

“ನನ್ನನ್ನ ಮದುವೆ ಆಗೋಕೆ ಇವಳು ಇಷ್ಟು ಯೋಚ್ನೆ ಮಾಡಿರ್ಲಿಲ್ಲ” ಎಂದರು ಒಲೆಯ ಬಳಿಯಿದ್ದ ಗಂಡ ರೈಮೊ.

“ನೀನು ಕೆಟ್ರೆ ಕೆಡೋದು ಈ ಅಡುಗೆಮನೆ ಮಾತ್ರ ಕಣೋ.”

ಅಷ್ಟರಲ್ಲಿ ಪರದೆಯ ಮೇಲೆ ಐನಾರ್‌ನ ಉತ್ತರ ಬರುತ್ತದೆ. ಆಪರೇಷನ್‌ಗೆ ಮುಂಚೆ ಮುಗಿಸಿಬಿಡುವ ಅವಸರದಲ್ಲಿ ಹೆಲ್ಕಾ ನಿನ್ನೆ ಒಂದು ತಿದ್ದುಪಡಿ ಬರೆದು, ಪರೀಕ್ಷೆ ಮಾಡದೆಯೇ ಎಲ್ಲರ ಮುಂದಿಟ್ಟಿದ್ದರು. ಹೆಲ್ಕಾ ಬರೆದದ್ದಲ್ಲವೇ ಎಂದು ಉಳಿದವರೆಲ್ಲ ಚೆನ್ನಾಗಿದೆ ಎಂದಿದ್ದರು.

“ಹೆಲ್ಕಾ, ಬೇಡ” ಎಂದು ಬರೆದಿದ್ದಾನೆ ಐನಾರ್. “ಪರೀಕ್ಷೆ ಮಾಡ್ದೆ ಸೇರಿಸ್ಬಾರ್ದು. ನೀನೇ ಬರೆದಿದ್ರೂ ಅಷ್ಟೇ.”

ಹೆಲ್ಕಾರ ಮುಖ ಕೆಂಪಾಗುತ್ತದೆ. “ನೋಡಿ ಇವನ ಧಿಮಾಕು” ಎನ್ನುತ್ತ ನಿಂತಲ್ಲೇ ಕುಟ್ಟುತ್ತಾರೆ: “ನಾಳೆಯಿಂದ ನಾನಿರಲ್ಲ. ಇವತ್ತೇ ಆಗ್ಬೇಕು.”

ಮರುಕ್ಷಣವೇ ಉತ್ತರ: “ಹಾಗಾದ್ರೆ ನೀನು ವಾಪಸ್ ಬಂದ್ಮೇಲೆ ಆಗ್ಲಿ.”

ಕೀಲಿಯ ಮಾತು ನಡೆದಿರುವುದು ಅವನಿಗೆ ಗೊತ್ತು. ಗೊತ್ತಿದ್ದೂ ಇವತ್ತೇ ಎದುರು ಹಾಕಿಕೊಂಡಿದ್ದಾನೆ. ಹೆಲ್ಕಾ ಬೆಳಗಿನಿಂದ ಮೊದಲ ಬಾರಿಗೆ ಕುರ್ಚಿಯಲ್ಲಿ ಕೂರುತ್ತಾರೆ. ತಮ್ಮ ತಿದ್ದುಪಡಿಯನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಆಮೇಲೆ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಐನಾರ್‌ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ, ಕೀಲಿ ಇರುವವರ ಸಾಲಿಗೆ ಸೇರಿಸುತ್ತಾರೆ.

“ಈಗ ಭಯ ಹೋಯ್ತಾ?” ಎಂದು ಕೇಳುತ್ತೇನೆ.

“ಎಲ್ಲಿ ಹೋಗುತ್ತೆ? ಕೊಟ್ಟಾಯ್ತಲ್ಲ, ಈಗ ಇನ್ನೂ ಜಾಸ್ತಿ” ಎನ್ನುತ್ತಾರೆ ಹೆಲ್ಕಾ. ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಕಚೇರಿಗೆ ಹೊರಡಲು ಕೋಟು ತೊಡುತ್ತಾರೆ. “ನಾಳೆ ಕಣ್ಣಿಗೆ ಪಟ್ಟಿ ಕಟ್ತಾರೆ. ಪತ್ರ ಏನು ಬಂದಿದೆ ಓದಿ ಹೇಳು ಅಂತ ರೈಮೊನ ಪೀಡಿಸ್ದೆ, ಒಂದು ದಿನ ಸುಮ್ನೆ ಮಲಗಿದ್ರೆ ಸಾಕು ನಾನು.”