ಮಾರುವ ಮೊದಲು ಒಡೆಸಿದ ಮೆಟ್ಟಿಲು

ಬಾಲಾನಗರದ ನಮ್ಮ ಮನೆಯನ್ನು ಮಾರಬೇಕೆಂದು ಮಾತಾದಾಗ, ಮಾರುವುದಕ್ಕೂ ಖರ್ಚು ಬರುತ್ತದೆಂದು ನನಗಾಗಲಿ ತಮ್ಮನಿಗಾಗಲಿ ಹೊಳೆದಿರಲಿಲ್ಲ. ಕೊಂಡರೆ ದುಡ್ಡು ಹೋಗುತ್ತದೆ, ಮಾರಿದರೆ ಬರುತ್ತದೆ. ಶಾಲೆಯಲ್ಲಿ ಇಷ್ಟು ವರ್ಷ ಗಣಿತ ಕಲಿಸಿದ ನಾನು ತಿಳಿದುಕೊಂಡಿದ್ದು ಅಷ್ಟೇ.

ಅಪ್ಪ ರಾಯಚೂರಿನ ಕಡೆಯವರು. ತೆಲುಗು ಸೀಮೆಗೆ ಬಂದು ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನೂರೈವತ್ತು ಚದರ ಗಜದ ಜಾಗ ಕೊಂಡು ಮೊದಲು ಎರಡು ಕೋಣೆ, ಆಮೇಲೆ ಅಡಿಗೆಮನೆ, ಕೊನೆಗೆ ಮೇಲೊಂದು ಕೋಣೆ, ಹೀಗೆ ಬೋನಸ್ ಬಂದ ವರ್ಷ ಒಂದೊಂದು ತುಂಡು ಕಟ್ಟಿಸಿದರು. ಅವರು ಹೋದ ಮೂರು ವರ್ಷಕ್ಕೆ ಅವ್ವನೂ ಹೋದಳು. ತಮ್ಮ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿದ್ದ, ನಾನು ಕೊಂಡಾಪುರದ ಫ್ಲ್ಯಾಟಿನಲ್ಲಿ. ಎರಡು ವರ್ಷ ಬಾಡಿಗೆಗೆ ಕೊಟ್ಟು ನೋಡಿದೆವು. ತಾರಸಿ ಸೋರುತ್ತದೆಂದು ಬಾಡಿಗೆಯವರು ಬಿಟ್ಟು ಹೋದ ಮೇಲೆ ಮಾರಿಬಿಡೋಣ ಎಂದವನು ತಮ್ಮ. ನಾನು ಹೂಂ ಅಂದೆ.

ಖರೀದಿ ಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಊರಿನ ಹೆಸರಿತ್ತು, ಮರಣ ಪ್ರಮಾಣಪತ್ರದಲ್ಲಿ ಇರಲಿಲ್ಲ. ಆ ಇಬ್ಬರೂ ಒಬ್ಬರೇ ಎಂದು ನಾವು ಸ್ಟಾಂಪ್ ಕಾಗದದ ಮೇಲೆ ಪ್ರಮಾಣ ಮಾಡಬೇಕಾಯಿತು. ಅವರಿಗೆ ನಾವಿಬ್ಬರಲ್ಲದೆ ಬೇರೆ ವಾರಸುದಾರರಿಲ್ಲ ಎಂಬುದಕ್ಕೆ ತಹಶೀಲ್ದಾರರ ಕಚೇರಿಯಿಂದ ಇನ್ನೊಂದು ಕಾಗದ. ಮನೆ ತೆರಿಗೆಯ ಬಾಕಿ, ಬಾಡಿಗೆಯವರು ಕಟ್ಟದೆ ಹೋದ ನೀರಿನ ಬಿಲ್ಲು, ದಲ್ಲಾಳಿಯ ಕಮಿಷನ್, ವಕೀಲರ ಫೀಸು. ಒಂದಕ್ಕೆ ತಮ್ಮ ಕೊಟ್ಟರೆ ಇನ್ನೊಂದಕ್ಕೆ ನಾನು. ಯಾವುದನ್ನು ಯಾರು ಕೊಟ್ಟೆವೆಂದು ತಿಂಗಳೊಪ್ಪತ್ತಿನಲ್ಲೇ ಇಬ್ಬರಿಗೂ ನೆನಪು ತಪ್ಪಿತು.

ಕೊಳ್ಳಲು ಬಂದವರು ಅಲ್ಲೇ ಹತ್ತಿರ ಲೇತ್ ಮಷೀನುಗಳ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ತೆಲುಗರೊಬ್ಬರು. ಮಾತು ಕಡಿಮೆ. ಅವರ ವಕೀಲರು ಜಾಗ ಅಳೆಸಬೇಕೆಂದರು. ಅಳೆಯುವವನು ಟೇಪು ಹಿಡಿದು ಎರಡು ಸಲ ಅಳೆದ. ಕಾಗದದಲ್ಲಿ ನೂರೈವತ್ತು ಗಜ, ನೆಲದ ಮೇಲೆ ನೂರೈವತ್ತೈದು. ಮಹಡಿಯ ಮೆಟ್ಟಿಲು ಮತ್ತು ಅದರ ಕೆಳಗಿನ ಬಚ್ಚಲು ಮೂರು ಅಡಿ ಅಗಲದಷ್ಟು ಪಕ್ಕದ ಮನೆಯವರ ಜಾಗದಲ್ಲಿದ್ದವು. ಕಾಗದವೂ ನೆಲವೂ ಹೊಂದುವವರೆಗೆ ನೋಂದಣಿ ಬೇಡ ಎಂದು ವಕೀಲರು ಹೇಳಿ ಹೋದರು.

ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಮುದುಕಿಯನ್ನು ನಾವು ಚಿಕ್ಕಂದಿನಿಂದ ತೆಲುಗಿನಲ್ಲೇ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎನ್ನುತ್ತಿದ್ದೆವು. ಮನೆಮಾತು ತೆಲುಗು, ಆದರೆ ಅವ್ವನೊಂದಿಗೆ ಮಾತಾಡಿ ಮಾತಾಡಿ ನಮ್ಮ ಕನ್ನಡ ಅವರಿಗೆ ಚೆನ್ನಾಗಿ ಬರುತ್ತಿತ್ತು. ತಮ್ಮನೂ ನಾನೂ ಹೋಗಿ ಕೂತು ವಿಷಯ ಹೇಳಿದೆವು. ಪೆದ್ದಮ್ಮ ಚಹಾ ಕೊಟ್ಟು, ಒಂದು ಭಾನುವಾರ ನಿಮ್ಮಪ್ಪ ಬಂದು ನಮ್ಮವರನ್ನು ಕೇಳಿದ್ದರು, ಕಟ್ಟಿಕೊಳ್ಳಿ ಅಂತ ಇವರು ಒಪ್ಪಿದ್ದರು ಎಂದರು. ಎಲ್ಲಿ ಬೇಕಾದರೂ ಸಹಿ ಮಾಡುತ್ತೇನೆ ಎಂದೂ ಹೇಳಿದರು. ತಮ್ಮ ನನ್ನ ಕಡೆ ನೋಡಿ ನಕ್ಕ. ನನಗೂ ಎದೆ ಹಗುರಾಯಿತು.

ತಮ್ಮ ಬಸ್ಸಿಗೆ ಹೊರಟ ಮೇಲೆ ಪೆದ್ದಮ್ಮ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದರು.

"ಒಳಗ ನಾ ಹೇಳಿದ್ದು ಖರೆ ಅಲ್ಲ, ಬಿಡ್ಡಾ. ನಾವು ಮದುವಿಗಂತ ಊರಿಗೆ ಹೋಗಿದ್ವಿ. ತಿರುಗಿ ಬರೋದ್ರಾಗ ಹತ್ತು ಮೆಟ್ಲ ಎದ್ದಿದ್ವು. ನಮ್ಮವರು ಭಾಳ ದಿನ ನಿಮ್ಮಪ್ಪನ ಜೋಡಿ ಮಾತಾಡ್ಲಿಲ್ಲ. ಆಮ್ಯಾಲೆ ಮಾತಾಡಿದ್ರು."

"ಹಂಗಾದ್ರ ಒಳಗ ಯಾಕ ಹಂಗ ಹೇಳಿದ್ರಿ?"

"ನಿನ್ನ ತಮ್ಮ ಎದುರಿಗೆ ಕುಂತಿದ್ದ. ಅವನ ಮಾರಿ ಥೇಟ್ ನಿಮ್ಮಪ್ಪನ ಮಾರಿ."

ಸಿಟ್ಟಿನಿಂದ ಹೇಳಿದ್ದಲ್ಲ, ತೆಲುಗಿನಲ್ಲಿ ಮಗುವನ್ನು ಕರೆದಂತೆ ಬಿಡ್ಡಾ ಎಂದೇ ಹೇಳಿದ್ದರು. ಸಹಿ ಮಾತ್ರ ಈಗಲೂ ಮಾಡುತ್ತೇನೆ ಎಂದರು. ಕೊಳ್ಳುವವರ ವಕೀಲರನ್ನು ಕೇಳಿದರೆ ಅದೂ ಸಾಲದಾಯಿತು. ಪೆದ್ದಮ್ಮನ ಮನೆ ಇನ್ನೂ ತೀರಿಹೋದ ಗಂಡನ ಹೆಸರಿನಲ್ಲೇ ಇತ್ತು, ಬೇರೆ ಬೇರೆ ಊರಿನಲ್ಲಿದ್ದ ಮಕ್ಕಳೆಲ್ಲ ಬಂದು ಸಹಿ ಹಾಕಬೇಕು. ಅದಕ್ಕಿಂತ ಮೆಟ್ಟಿಲನ್ನೇ ತೆಗೆಸಿಬಿಡುವುದು ಸುಲಭ ಎಂದರು.

ರಾತ್ರಿಯಾಗುವುದರೊಳಗೆ ತಮ್ಮನಿಗೆ ಫೋನು ಮಾಡಿ ಪೆದ್ದಮ್ಮ ಹೇಳಿದ್ದನ್ನು ತಿಳಿಸಿದೆ. ತಿಳಿಸಬೇಕಿತ್ತೋ ಇಲ್ಲವೋ ಎಂದು ಇವತ್ತಿಗೂ ಅನುಮಾನವಿದೆ.

"ಆಕಿಗೆ ವಯಸ್ಸಾಗೈತಿ ಅಕ್ಕಾ, ಮರ್ತಿರ್ತಾಳ," ಅಂದ. "ಅಪ್ಪ ಕೇಳದ ಒಂದು ಇಟ್ಟಂಗಿ ಇಡೋ ಮನುಷ್ಯಾ ಅಲ್ಲ."

ಮರುದಿನ ಅಪ್ಪನ ಹಳೆಯ ಫೈಲಿನಲ್ಲಿ ಹುಡುಕಿದೆ. ಗೌಂಡಿಗೆ ಹೇಳಬೇಕಾದ ಕೆಲಸಗಳನ್ನು ಅವರು ಬರೆದಿಟ್ಟ ಒಂದು ಚೀಟಿ ಸಿಕ್ಕಿತು. ತಾರೀಖಿಲ್ಲ. ಸಿಮೆಂಟು, ಮರಳು, ಕಬ್ಬಿಣ ಎಂದು ಬರೆದ ಕೆಳಗೆ, ಮೆಟ್ಟಿಲು, ಪಕ್ಕದವರಿಗೆ ಹೇಳುವುದು ಎಂದಿತ್ತು. ಅದರ ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ನೋಡು, ಅಪ್ಪ ಕೇಳಿದ್ದರು ಎಂದು ಅವನು ಕೂಡಲೇ ಬರೆದ. ಆದರೆ ಅಪ್ಪ ಬರೆದದ್ದು ಹೇಳುವುದು ಎಂದು, ಕೇಳುವುದು ಎಂದಲ್ಲ. ಅದನ್ನೂ ಅವರು ಮಾಡಿದರೋ ಮರೆತರೋ. ಆ ಎರಡು ಮಾತಿನ ನಡುವೆ ನಾನು ಬಹಳ ದಿನ ಓಡಾಡಿದೆ. ಪಾಠ ಮಾಡುವಾಗಲೂ ನಡುವೆ ನಿಂತು, ಬೋರ್ಡಿನ ಮೇಲಿನ ಲೆಕ್ಕ ಎಲ್ಲಿಗೆ ಬಂದಿತ್ತೆಂದು ಮಕ್ಕಳನ್ನೇ ಕೇಳುವಂತಾಯಿತು.

ಮೆಟ್ಟಿಲು ಒಡೆಯಲು ನಾಲ್ಕು ದಿನ ಹಿಡಿಯಿತು. ಅಪ್ಪ ಕಬ್ಬಿಣ ಧಾರಾಳವಾಗಿ ಹಾಕಿಸಿದ್ದರು, ಕೆಲಸದವರು ಬೈಯುತ್ತಲೇ ಒಡೆದರು. ಕಲ್ಲುಮಣ್ಣು ಸಾಗಿಸಲು ಬೇರೆ ಟ್ರ್ಯಾಕ್ಟರು, ಬಚ್ಚಲಿನ ಪೈಪು ಮುಚ್ಚಲು ಬೇರೆ ಆಳು, ಗಡಿಗೆ ಹೊಸ ಗೋಡೆ. ಪೆದ್ದಮ್ಮ ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿದ್ದರು. ಜಾಗ ಖಾಲಿಯಾದ ಮೇಲೆ, ಅವ್ವ ಮಧ್ಯಾಹ್ನ ಆ ಮೆಟ್ಟಿಲ ಮೇಲೆ ಕೂತು ತಮ್ಮೊಡನೆ ಹರಟುತ್ತಿದ್ದಳೆಂದೂ, ಈಗ ಬಂದ ಜಾಗದಲ್ಲಿ ಏನು ಮಾಡಬೇಕೋ ಗೊತ್ತಾಗುತ್ತಿಲ್ಲವೆಂದೂ ಹೇಳಿದರು. ಕ್ಷಮೆ ಕೇಳಬೇಕೆಂದು ಹೋಗಿದ್ದವಳು ಕೇಳದೆ ಬಂದೆ. ಕೇಳಿದ್ದರೆ ಅಪ್ಪ ತಪ್ಪು ಮಾಡಿದರೆಂದು ಒಪ್ಪಿಕೊಂಡಂತಾಗುತ್ತಿತ್ತು. ಕೇಳದ್ದರಿಂದ ಪೆದ್ದಮ್ಮ ಸುಳ್ಳು ಹೇಳಿದರೆಂದಾಯಿತೇ?

ನೋಂದಣಿಯ ದಿನ ಬೆರಳಚ್ಚು ಒತ್ತಿ, ಫೋಟೋಕ್ಕೆ ಕೂತು ಹೊರಗೆ ಬಂದೆವು. ಕೊಂಡವರು ನಮಗೆ ಕಬ್ಬಿನ ಹಾಲು ಕೊಡಿಸುತ್ತ, ಮುಂದಿನ ತಿಂಗಳು ಮನೆಯನ್ನು ಪೂರಾ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತೇನೆ ಎಂದರು. ಮೆಟ್ಟಿಲಿಗೆ ನೀವು ಅಷ್ಟು ಖರ್ಚು ಮಾಡಬೇಕಿರಲಿಲ್ಲ, ಒಂದು ಮಾತು ಹೇಳಿದ್ದರೆ ಎಲ್ಲದರ ಜೊತೆ ನಾನೇ ಒಡೆಸುತ್ತಿದ್ದೆ ಎಂದೂ ಹೇಳಿದರು. ನಾವು ಅವರ ವಕೀಲರ ಜೊತೆ ಮಾತಾಡಿದ್ದೆವೇ ಹೊರತು ಅವರನ್ನು ಕೇಳಿರಲೇ ಇಲ್ಲ. ತಮ್ಮ ಗ್ಲಾಸು ಅರ್ಧಕ್ಕೇ ಇಟ್ಟ.

ಆದಾಯ ತೆರಿಗೆಯ ಕಾಗದ ತಯಾರು ಮಾಡುವವರ ಹತ್ತಿರ ಹೋದಾಗ ಇನ್ನೊಂದು ತೊಡಕು. ಮನೆ ಕಟ್ಟಿಸಿದ, ಸುಧಾರಿಸಿದ ಖರ್ಚಿಗೆ ಬಿಲ್ಲಿದ್ದರೆ ತೆರಿಗೆ ತಗ್ಗುತ್ತದೆ ಎಂದರು. ಅಪ್ಪ ಕಟ್ಟಿಸಿದ್ದಕ್ಕೆ ಒಂದು ಬಿಲ್ಲೂ ಇರಲಿಲ್ಲ. ಇದ್ದದ್ದು ನಾವು ಒಡೆಸಿದ್ದಕ್ಕೆ. ಅವರು ಅದನ್ನು ತಿರುವಿ ಮುರುವಿ ನೋಡಿದರು. ಮಾರಾಟದ ಖರ್ಚೆನ್ನಬೇಕೋ, ಸುಧಾರಣೆ ಎನ್ನಬೇಕೋ, ಎರಡೂ ಅಲ್ಲವೋ ಎಂದು ಅವರಿಗೂ ಗೊತ್ತಾಗಲಿಲ್ಲ. ಯಾರನ್ನೋ ಕೇಳಿ ಹೇಳುತ್ತೇನೆಂದು ಬಿಲ್ಲನ್ನು ಬದಿಗಿಟ್ಟರು.

ತೆರಿಗೆ ಕಟ್ಟಿ ಉಳಿದ ತನ್ನ ಪಾಲಿನಲ್ಲಿ ತಮ್ಮ ಪಟಾನ್‌ಚೆರುವಿನಾಚೆ ಒಂದು ಜಾಗ ಕೊಂಡ. ಕಳೆದ ತಿಂಗಳು ಬಂದವನು ಫೋನು ತೆಗೆದು ಒಂದು ಕಾಗದದ ಫೋಟೋ ತೋರಿಸಿದ. ಪಾಯ ತೋಡುವ ಮೊದಲೇ ಎರಡೂ ಪಕ್ಕದವರಿಗೆ ನಕ್ಷೆ ತೋರಿಸಿ, ಗಡಿ ಇಂತಲ್ಲಿ ಎಂದು ಬರೆಸಿ ಸಹಿ ಹಾಕಿಸಿಕೊಂಡಿದ್ದ. ಪೆದ್ದಮ್ಮನ ಮಾತನ್ನು ಅವನು ನಂಬಿದ್ದನೋ, ಅಂಥ ಮಾತು ತನ್ನ ಮೇಲೆ ಬರದಿರಲೆಂದು ಹೀಗೆ ಮಾಡಿದ್ದನೋ ತಿಳಿಯಲಿಲ್ಲ. ತೆಲುಗಿನ ಆ ಎರಡು ಸಹಿಗಳನ್ನು ದೊಡ್ಡದು ಮಾಡಿ ನೋಡಿದೆ. ಪಾಯದ ಪೂಜೆ ಯಾವತ್ತು ಇಟ್ಟುಕೊಂಡಿದ್ದೀ ಎಂದಷ್ಟೇ ಕೇಳಿದೆ.