ಓದುವ ಕೋಣೆಯ ಮುಯ್ಯಿ

ಪುಟ್ಟಿ, ಚಿನ್ನು, ಇದು ನಿಮಗೆ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನನಗೆ ನಾಲಿಗೆ ಒಣಗುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮೂರ ಶಾಲೆಯಲ್ಲಿ ಓದುವ ಕೋಣೆ ಆಯಿತಲ್ಲ, ಅಲ್ಲಿಯ ಪುಸ್ತಕಗಳ ಮೇಲಿರುವ ಅಕ್ಷರ ಯಾರದ್ದು ಎಂದು ಕೇಳಿದಿರಿ. ನನ್ನದು ಎಂದೆ. ಹೇಗಜ್ಜಿ ಎಂದಿರಿ. ಒಲೆ ನೋಡುವ ನೆಪದಲ್ಲಿ ಒಳಗೆ ಹೋಗಿಬಿಟ್ಟೆ.

ಏಳನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳೊಬ್ಬಳಿದ್ದಳು. ಅವಳ ಬರವಣಿಗೆ ಕಾಗೆ ಕಾಲು, ಗುಬ್ಬಿ ಕಾಲು. ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ತಾರೀಖು, ಹಾಜರಿ ಬರೆಯಲು ಮೇಷ್ಟ್ರು ನನ್ನನ್ನೇ ಕರೆಯುತ್ತಿದ್ದರು. ಮುಂದೆ ಓದಬೇಕೆಂದರೆ ಆಲೂರಿಗೆ ಹೋಗಬೇಕಿತ್ತು. ಅವಳಿಗೆ ಅಲ್ಲಿ ಸೋದರಮಾವನ ಮನೆ ಇತ್ತು, ನನಗೆ ಯಾರೂ ಇರಲಿಲ್ಲ. ನಮ್ಮಪ್ಪ ಕೆಟ್ಟವರಲ್ಲ. ಆದರೆ ಹೆಣ್ಣು ಮಗಳೊಬ್ಬಳನ್ನೇ ಬಸ್ಸಿನಲ್ಲಿ ಕಳಿಸಲು ಅವರಿಗೆ ಧೈರ್ಯ ಬರಲಿಲ್ಲ. ಅವಳು ಟ್ರಂಕು ಹಿಡಿದು ಗದ್ದೆ ಬದುವಿನ ಮೇಲೆ ನಡೆದು ಹೋದಾಗ ನಾನು ಕೆಸರಲ್ಲಿ ಸಸಿ ಕೀಳುತ್ತಿದ್ದೆ. ಅವಳು ಕೂಗಿ ಕರೆದಳು. ನಾನು ತಲೆ ಎತ್ತಲಿಲ್ಲ.

ಆಮೇಲೆ ಅವಳು ಹಾಸನದಲ್ಲಿ ಓದಿದಳು, ಅಲ್ಲಿಂದ ವಿಶ್ವವಿದ್ಯಾನಿಲಯಕ್ಕೆ ಹೋದಳು, ಅಲ್ಲೇ ಪಾಠ ಮಾಡಿ ರಿಟೈರೂ ಆದಳು. ಯಾರದೋ ಮದುವೆಯಲ್ಲಿ ಅವಳ ಸುದ್ದಿ ಕಿವಿಗೆ ಬಿದ್ದ ದಿನ ನನಗೆ ಊಟ ಸೇರುತ್ತಿರಲಿಲ್ಲ. ನಿಮ್ಮ ತಾತನಿಗೆ ಅದು ಗೊತ್ತಾಗುತ್ತಿತ್ತು. "ಅವಳಿಗೇನ್ ಕೊಂಬು ಬಂದೈತಾ? ಉಣ್ಣು ಮಾರಾಯ್ತಿ" ಎಂದು ನಗಿಸುತ್ತಿದ್ದರು. ಅವರು ಹೋದ ಮೇಲೆ ಆ ಹೊಟ್ಟೆಕಿಚ್ಚನ್ನು ಒಬ್ಬಳೇ ಇಟ್ಟುಕೊಂಡೆ.

ಹೋದ ಬೇಸಿಗೆಯಲ್ಲಿ ಅವಳೇ ಬಂದಳು. ಅವಳ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳ ಸಂಘ ಅಂತ ಒಂದಿದೆಯಂತೆ. ತಲೆ ನರೆತವರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಎಲ್ಲ ಸೇರಿ ಒಂದು ವ್ಯಾನಿನ ತುಂಬ ಜನ. ಬಾಳ್ಳುಪೇಟೆಯಿಂದ ಸುಣ್ಣ, ಹಂಚು, ಹಲಗೆ ತಂದಿದ್ದರು. ಎರಡು ದಿನ ಬೆವರು ಸುರಿಸಿ ಶಾಲೆಯ ಸೋರುವ ಕೋಣೆಯ ಹಂಚು ಬದಲಿಸಿದರು, ಸುಣ್ಣ ಬಳಿದರು, ಪುಸ್ತಕ ಇಡಲು ಗೂಡು ಹೊಡೆದರು. ನಾವು ಹೆಂಗಸರು ಕಡುಬು, ಹುರುಳಿ ಸಾರು ಮಾಡಿ ಹೊತ್ತುಕೊಂಡು ಹೋದೆವು. ನಾನು ಬಾಗಿಲ ಹಿಂದೆ ನಿಂತು ಬಡಿಸುವವರಿಗೆ ಪಾತ್ರೆ ಕೊಡುತ್ತಿದ್ದೆ.

ಊಟ ಮುಗಿದ ಮೇಲೆ ನನ್ನ ಓರಗಿತ್ತಿ, ನಿಮ್ಮ ಚಿಕ್ಕಜ್ಜಿ, ಸೆರಗಿಗೆ ಕೈ ಒರೆಸಿಕೊಂಡು ಸೀದಾ ಅವಳ ಮುಂದೆ ಹೋಗಿ ನಿಂತಳು.

"ಅಲ್ಲ ಕಣಕ್ಕ, ಎರಡು ದಿನ ಇಷ್ಟ್ ಆಳು ದುಡಿದ್ರಿ. ನಿಮ್ ಮುಯ್ಯಿಗೆ ನಾವ್ ಯಾವತ್ ಬರ್ಬೇಕು? ನಾಟಿಗೋ ಕುಯ್ಲಿಗೋ ಈಗ್ಲೇ ಹೇಳ್ಬುಡಿ."

ನಮ್ಮಲ್ಲಿ ಹಾಗೇ ಅಲ್ಲವೇ ಮಕ್ಕಳೇ. ಅವರು ನಮ್ಮ ಗದ್ದೆಗೆ ಇಳಿದರೆ ನಾವು ಅವರ ಗದ್ದೆಗೆ ಇಳಿಯಬೇಕು, ಕೂಲಿ ಮಾತಿಲ್ಲ. ಅವಳಿಗೆ ನಾಟಿ ಮಾಡಲು ಗದ್ದೆಯೇ ಇಲ್ಲ ಎಂಬುದು ನಿಮ್ಮ ಚಿಕ್ಕಜ್ಜಿಗೆ ಹೊಳೆದಿರಲಿಲ್ಲ. ಬಂದವರೆಲ್ಲ ನಕ್ಕರು. ಅವರಲ್ಲೊಬ್ಬರು, "ಇದು ಸೇವೆ ಅಮ್ಮ, ನೀವು ವಾಪಸ್ ಏನೂ ಮಾಡಬೇಕಾಗಿಲ್ಲ" ಎಂದರು.

ಏನೂ ಬೇಕಾಗಿಲ್ಲ! ನಿಮ್ಮ ಹತ್ತಿರ ಏನಿದೆ ಕೊಡಲು ಎಂದಂತೆ ಕೇಳಿಸಿತು ನನಗೆ. ಇನ್ನು ಸಾಯುವವರೆಗೂ ಅವಳು ಬಳಿದ ಗೋಡೆ ನೋಡಿಕೊಂಡು ಓಡಾಡಬೇಕಲ್ಲ ಎಂದು ಮೈ ಉರಿಯಿತು. ಬಾಗಿಲ ಹಿಂದಿನಿಂದ ಈಚೆ ಬಂದೆ.

"ನಿನ್ ಮುಯ್ಯಿ ನನ್ ತಲೆ ಮೇಲೆ ಇರ್ಬಾರ್ದು. ಕೆಲ್ಸ ಹೇಳು" ಎಂದೆ.

ಅವಳು ನನ್ನನ್ನೇ ನೋಡಿದಳು. "ಅಯ್ಯೋ, ನೀನೇನೇ! ಎರಡು ದಿನದಿಂದ ಎಲ್ ಅಡಗಿದ್ದೆ?" ಎಂದು ಕೈ ಹಿಡಿದಳು. ನಾನು ಬಿಡಿಸಿಕೊಂಡೆ. ಅವಳು ಸಂಘದವರು ತಂದಿದ್ದ ಮೂರು ಪೆಟ್ಟಿಗೆ ಪುಸ್ತಕ ತೋರಿಸಿದಳು. ಒಂದೊಂದಕ್ಕೂ ಚೀಟಿ ಅಂಟಿಸಿ ನಂಬರು, ಶಾಲೆಯ ಹೆಸರು, ಅದರ ಕೆಳಗೆ 'ಹಳೆಯ ವಿದ್ಯಾರ್ಥಿಗಳ ಸಂಘದ ಕೊಡುಗೆ' ಎಂದು ಬರೆಯಬೇಕು. "ನನ್ ಅಕ್ಷರ ನಿಂಗೆ ಗೊತ್ತಲ್ಲ" ಎಂದಳು. ಕೋಣೆ ತೆರೆಯುವ ದಿನಕ್ಕೆ ಇನ್ನೂ ಒಂದು ವಾರವಿತ್ತು.

ಜಗಲಿಯಲ್ಲಿ ಕೂತು ನಾಲ್ಕು ದಿನ ಬರೆದೆ. ಕೊನೆಯ ಸಾಲನ್ನು ಮಾತ್ರ ಒಂದು ಪುಸ್ತಕದ ಮೇಲೂ ಬರೆಯಲಿಲ್ಲ. ಬರೆಯಲೆಂದು ಪೆನ್ನು ಇಟ್ಟರೆ ಆ ಟ್ರಂಕು ಕಣ್ಣ ಮುಂದೆ ಬರುತ್ತಿತ್ತು.

ಕೋಣೆ ತೆರೆದ ದಿನ ಅವಳು ಒಂದು ಪುಸ್ತಕ ತೆಗೆದಳು, ಇನ್ನೊಂದು ತೆಗೆದಳು, ಮೂರನೆಯದೂ ತೆಗೆದಳು.

"ಕೆಳಗಿನ್ ಸಾಲು ಎಲ್ಲೇ?"

"ಮರ್ತೆ."

"ಎಲ್ಲದ್ರಲ್ಲೂ ಮರ್ತ್‌ಬುಟ್ಯಾ?"

ಅವಳು ಜೋರಾಗಿ ನಕ್ಕಳು. "ಹೋಗ್ಲಿ ಬುಡು. ಅಕ್ಷರ ಇನ್ನೂ ಹಂಗೇ ಐತಲ್ಲೇ! ಮೇಷ್ಟ್ರು ದಿನಾ ನಿನ್ನನ್ನೇ ಬೋರ್ಡಿಗೆ ಕರೀತಿದ್ರಲ್ಲ, ನಂಗ್ ಎಷ್ಟ್ ಹೊಟ್ಟೆ ಉರೀತಿತ್ತು ಗೊತ್ತಾ?"

ಅಷ್ಟು ಜನರ ಮುಂದೆ, ನಗುನಗುತ್ತಾ, ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು. ನಾನು ಇಷ್ಟು ವರ್ಷ ಬಾಯಿಬಿಡದೆ ಇಟ್ಟುಕೊಂಡಿದ್ದು, ಇವತ್ತೂ ಕಾಗದಕ್ಕೆ ಮಾತ್ರ ಹೇಳುತ್ತಿರುವುದು ಅದೇ ಮಾತು. ಅದನ್ನೂ ನನಗಿಂತ ಚೆನ್ನಾಗಿ ಆಡಿದಳಲ್ಲ ಎಂದು ಆವತ್ತು ಮನೆಗೆ ಬಂದು ಅತ್ತೆ.

ಆದರೆ ಮುಯ್ಯಿಗೆ ಹೋದವರು ಗದ್ದೆಯ ಒಂದು ಮೂಲೆ ಬಿಟ್ಟು ಬಂದರೆ ಮುಯ್ಯಿ ತೀರಿದಂತಲ್ಲ. ಅದಕ್ಕೇ ನಾನು ಶನಿವಾರ ಶನಿವಾರ ಶಾಲೆಗೆ ಹೋಗುವುದು. ಬಿಟ್ಟ ಸಾಲು ಬರೆದು ಬರುತ್ತೇನೆ. ಒಂದು ಪೆಟ್ಟಿಗೆಯಷ್ಟು ಪುಸ್ತಕ ಮುಗಿದಿದೆ. ಕೆಲವು ಶನಿವಾರ ಹಳೆಯ ಉರಿ ಎದ್ದು, ಎರಡು ಪುಸ್ತಕಕ್ಕೇ ಪೆನ್ನಿನ ಮುಚ್ಚಳ ಹಾಕಿಕೊಂಡು ಬಂದದ್ದೂ ಇದೆ.

ಈ ಹಾಳೆಗಳನ್ನು ಮಾತ್ರ ಆ ಕೋಣೆಗೆ ಕೊಡಬೇಡಿ. ಅವಳು ಬಂದಾಗ ಎಲ್ಲವನ್ನೂ ತೆಗೆದು ಓದುತ್ತಾಳೆ. ನನ್ನ ಪೆಟ್ಟಿಗೆಯಲ್ಲಿ ತಾತನ ಶಾಲಿನ ಕೆಳಗೆ ಇಡಿ, ಹುಳ ಹಿಡಿಯದ ಹಾಗೆ ಆಗಾಗ ಬಿಸಿಲು ತೋರಿಸಿ, ಜೋಪಾನ ಮಾಡಿ.