ಪರ್ತ್ ದಾರಿಗೆ ವೀಲ್‌ಚೇರ್ ಬೇಡ

ನಂದಿದುರ್ಗ ಚಿನ್ನದ ಗಣಿ ಮುಚ್ಚುವ ತನಕ ಅದರೊಳಗೆ ದುಡಿದ ದೊಡ್ಡವೆಂಕಟಪ್ಪನಿಗೆ ಈಗ ಎಪ್ಪತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನರ್ಸಾಗಿರುವ ಮಗಳು ವನಿತಾ, ಹೊಸ ಮನೆಯಲ್ಲಿ ಹಾಲುಕ್ಕಿಸಲು ಅಪ್ಪನೇ ಬರಬೇಕೆಂದು ಪಟ್ಟು ಹಿಡಿದಳು. ದೊಡ್ಡವೆಂಕಟಪ್ಪನ ತಮ್ಮನ ಮಗ ವೇಣು ಅವನನ್ನು ರಾಬರ್ಟ್‌ಸನ್‌ಪೇಟೆಯ ಟಿಕೆಟ್ ಅಂಗಡಿಗೆ ಕರೆದೊಯ್ದ.

“ಬೆಂಗಳೂರಿಂದ ಆರು ಸಾವಿರ ಕಿಲೋಮೀಟರಿಗೂ ಮೇಲೆ,” ಎಂದ ಅಂಗಡಿಯ ವಿಜಯಕುಮಾರ್. “ಹಾರೋದೇ ಒಂಬತ್ತು ಹತ್ತು ಗಂಟೆ. ನಡುವೆ ಸಿಂಗಪುರದಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು.”

“ಗಣೀಲೂ ಕೇಜ್ ಅಂತ ಲಿಫ್ಟ್ ಇರ್ತಿತ್ತು. ಒಂದು ಕೇಜ್ ಇಳ್ದು, ನಡ್ಕೊಂಡೋಗಿ, ಇನ್ನೊಂದು ಕೇಜ್ ಅತ್ತಿ ಆಳಕ್ಕೆ ಓಗ್ತಿದ್ವಿ. ಇದ್ರಾಗೇನೈತೆ?” ಎಂದ ದೊಡ್ಡವೆಂಕಟಪ್ಪ.

ವೇಣು ಬಿಡಲಿಲ್ಲ. “ಅಲ್ಲಿ ದಾರಿ ತಪ್ಪಿದ್ರೆ ಯಾರ್ನ ಕೇಳ್ತೀಯ ದೊಡ್ಡಪ್ಪ? ಟಿಕೆಟ್ ಜೊತೆ ವೀಲ್‌ಚೇರೂ ಬೇಕು ಅಂತ ಏಳಿದೀನಿ. ಕೂರಿಸ್ಕೊಂಡು ಏರ್‌ಪೋರ್ಟ್‌ನೋರೇ ತಳ್ಕೊಂಡೋಗ್ತಾರೆ.”

ದೊಡ್ಡವೆಂಕಟಪ್ಪ ಎದ್ದು ನಿಂತ. “ಕೇಳ್ಲಾ ವೇಣು, ಗಣಿ ಒಳ್ಗೆ ಟ್ರಾಲೀಲಿ ತಳ್ಕೊಂಡು ಬತ್ತಿದ್ದಿದ್ದು ಎರಡೇ. ಒಂದು ಅದಿರು, ಇನ್ನೊಂದು ಹೆಣ. ನಾನು ಎರಡೂ ಅಲ್ಲ. ಸಿಂಗಪುರದಾಗೆ ತಮಿಳ್ರು ಅವ್ರೆ, ನಂಗೆ ತಮಿಳು ಬತ್ತದೆ. ಕೇಳ್ಕೊಂಡೋಗ್ತೀನಿ.”

ವಿಜಯಕುಮಾರ್ ಏನು ಮಾಡಲೆಂದು ವೇಣುವಿನ ಕಡೆ ತಿರುಗಿದ.

“ಅವ್ನ ಮುಖ ಏನ್ ನೋಡ್ತೀಯಪ್ಪ? ಓಗೋನು ನಾನು. ತೆಗಿ ಅದ್ನ.”

ಟಿಕೆಟ್ಟಿನಿಂದ ವೀಲ್‌ಚೇರ್ ತೆಗೆಸಿ ಹಾಕಿದ ಮೇಲೆಯೇ ಆತ ಅಂಗಡಿಯ ಮೆಟ್ಟಿಲಿಳಿದದ್ದು.